ಷೇರು ಕ್ರೋಡೀಕರಣ ಮತ್ತು ಹೂಡಿಕೆದಾರರ ವಿಶ್ವಾಸ: ಸೇಡಂ–ವಾಡಿ ಸಿಮೆಂಟ್ ವಲಯದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರದ ಆಧುನಿಕ ಆರ್ಥಿಕ ಚರಿತ್ರೆಯಲ್ಲಿ ಸುಣ್ಣಕಲ್ಲಿಗೆ ಪ್ರಮುಖ ಸ್ಥಾನವಿದೆ. ನೆಲದ ಈ ಸಂಪತ್ತು ಷೇರುಪತ್ರಗಳ ರೂಪ ತಾಳಿದ ಬಗೆ ಹಾಗೂ ಆ ಷೇರುಗಳ ಸಂಖ್ಯೆ ಹಿಗ್ಗಿ ಕುಗ್ಗಿದಾಗ ಹೂಡಿಕೆದಾರರಿಗೆ ಒದಗಿದ ಪರಿಣಾಮಗಳು ವಿವೇಚನೆಗೆ ಅರ್ಹವಾಗಿವೆ.

ಒಂದು ರೂಪಾಯಿ ಮುಖಬೆಲೆಯ ಹತ್ತು ಷೇರುಗಳನ್ನು ಹತ್ತು ರೂಪಾಯಿಯ ಒಂದು ಷೇರಾಗಿ ಕೂಡಿಸುವುದು ಕ್ರೋಡೀಕರಣ. 2013ರ ಕಂಪನಿ ಕಾಯಿದೆಯ 61ನೆಯ ಕಲಮು ಇದಕ್ಕೆ ಅವಕಾಶ ನೀಡುತ್ತದೆ. ಗಣಿತದ ದೃಷ್ಟಿಯಿಂದ ಒಟ್ಟು ಮೌಲ್ಯ ಬದಲಾಗದು. ಆದರೆ ಬೆಲೆ ಕುಸಿದ ಕಂಪನಿಗಳೇ ಹೆಚ್ಚಾಗಿ ಈ ಮಾರ್ಗ ಹಿಡಿಯುವುದರಿಂದ ಮಾರುಕಟ್ಟೆಯು ಇದನ್ನು ಸಂಶಯದಿಂದ ನೋಡುತ್ತದೆ. 2011ರ ಮೇ ತಿಂಗಳಲ್ಲಿ ಅಮೆರಿಕದ ಸಿಟಿಗ್ರೂಪ್ ಹತ್ತು ಷೇರುಗಳನ್ನು ಒಂದಾಗಿಸಿದಾಗ ಸುಮಾರು 4.5 ಡಾಲರ್ ಇದ್ದ ಬೆಲೆ ಸುಮಾರು 45 ಡಾಲರ್ ಎನಿಸಿತು. ಹೂಡಿಕೆದಾರರ ಸಂಪತ್ತು ಮಾತ್ರ ಅದರಿಂದ ಹೆಚ್ಚಲಿಲ್ಲ.

ಈ ವಲಯದ ಇತಿಹಾಸದಲ್ಲಿ ಮೊದಲ ಘಟ್ಟ 1936. ನಿಜಾಮ್ ಸಂಸ್ಥಾನದಲ್ಲಿದ್ದ ಶಹಾಬಾದ್ ಸಿಮೆಂಟ್ ಕಂಪನಿಯೂ ಸೇರಿ ಹತ್ತು ಕಂಪನಿಗಳು ವಿಲೀನಗೊಂಡು ಎ.ಸಿ.ಸಿ. ಉದಯಿಸಿತು. ಈ ಸಂಸ್ಥೆಯೇ 1968ರಲ್ಲಿ ವಾಡಿಯ ಕಾರ್ಖಾನೆಯನ್ನು ಆರಂಭಿಸಿತು. 1992ರ ಹರ್ಷದ್ ಮೆಹ್ತಾ ಪ್ರಕರಣದ ಕಾಲದಲ್ಲಿ ಎ.ಸಿ.ಸಿ. ಷೇರಿನ ಬೆಲೆ ಕೆಲವು ನೂರು ರೂಪಾಯಿಗಳಿಂದ ಸುಮಾರು ರೂ. 9,000ಕ್ಕೇರಿ ಕುಸಿಯಿತು. ಮುಂದೆ ರೂ. 100 ಮುಖಬೆಲೆಯ ಷೇರು ರೂ. 10ರ ಷೇರುಗಳಾಗಿ ವಿಭಜನೆಗೊಂಡಿತು. ಅಬ್ಬರದ ಬೆಲೆಗೂ ವಾಡಿಯ ಉತ್ಪಾದನೆಗೂ ಅಂಥ ಸಂಬಂಧವಿರಲಿಲ್ಲವೆಂಬುದು ಗಮನಾರ್ಹ.

ಎರಡನೆಯ ಘಟ್ಟ ಸೇಡಂನ ವಾಸವದತ್ತಾ ಸಿಮೆಂಟಿನದು. ಅದರ ಒಡೆತನವಿದ್ದ ಕೇಸೋರಾಮ್ ಇಂಡಸ್ಟ್ರೀಸ್, ತನ್ನ ಸಿಮೆಂಟ್ ವಿಭಾಗವನ್ನು ಅಲ್ಟ್ರಾಟೆಕ್‌ಗೆ ಸೇರಿಸುವ ಯೋಜನೆಯನ್ನು 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. 2025ರ ಮಾರ್ಚ್ 1ರಂದು ಅದು ಜಾರಿಗೆ ಬಂದಿತು. ಕೇಸೋರಾಮ್‌ನ 52 ಷೇರುಗಳಿಗೆ ಅಲ್ಟ್ರಾಟೆಕ್‌ನ ಒಂದು ಷೇರು ನಿಗದಿಯಾಯಿತು. ಮೂಲ ಷೇರುಗಳು ಹೂಡಿಕೆದಾರರ ಬಳಿಯೇ ಉಳಿದುದರಿಂದ ಕಾನೂನಿನ ಅರ್ಥದಲ್ಲಿ ಇದು ಕ್ರೋಡೀಕರಣವಲ್ಲ, ವಿಭಾಗದ ಬೇರ್ಪಡೆ. ಆದರೂ ಸಿಮೆಂಟಿನಲ್ಲಿದ್ದ ಪಾಲಿನ ಮಟ್ಟಿಗೆ ಪರಿಣಾಮ ಅದನ್ನೇ ಹೋಲುತ್ತದೆ. ಅಲ್ಟ್ರಾಟೆಕ್ ಷೇರಿನ ಬೆಲೆ ರೂ. 10,400 ಎಂದು ಭಾವಿಸಿದರೆ, ಪ್ರತಿ ಕೇಸೋರಾಮ್ ಷೇರಿನ ಸಿಮೆಂಟ್ ಪಾಲು ರೂ. 200 ಆಗುತ್ತದೆ. 104 ಷೇರುಗಳಿದ್ದವನಿಗೆ ಎರಡು ಷೇರುಗಳು ದೊರೆಯುತ್ತವೆ; 40 ಷೇರುಗಳಿದ್ದವನಿಗೆ ಪೂರ್ಣ ಷೇರು ದಕ್ಕದು. ಇಂಥ ಭಿನ್ನಾಂಶಗಳನ್ನು ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಹಂಚುವುದು ರೂಢಿಯ ಕ್ರಮ. ಹಣದ ಲೆಕ್ಕದಲ್ಲಿ ಅನ್ಯಾಯವಾಗದಿದ್ದರೂ, ಆ ಉದ್ದಿಮೆಯ ಪಾಲುದಾರನೆಂಬ ಸ್ಥಾನವು ಸಣ್ಣ ಹೂಡಿಕೆದಾರನ ಕೈತಪ್ಪುತ್ತದೆ.

ಒಟ್ಟಿನಲ್ಲಿ, ಷೇರುಗಳ ಎಣಿಕೆಯು ಬೆಲೆಯ ಅಂಕಿಯನ್ನು ಬದಲಿಸಬಲ್ಲದೇ ಹೊರತು ವಿಶ್ವಾಸವನ್ನು ಸೃಷ್ಟಿಸಲಾರದು. ಗಣಿ, ಉತ್ಪಾದನೆ, ಸಾಲ ಮತ್ತು ಲಾಭಗಳ ನಿಜಸ್ಥಿತಿಯೇ ವಿಶ್ವಾಸಕ್ಕೆ ಆಧಾರ. ಪಾಲು ಬದಲಾಗುವ ಪ್ರತಿ ಸಂದರ್ಭದಲ್ಲೂ ಅತಿ ಸಣ್ಣ ಪಾಲುದಾರನಿಗೆ ಏನು ಉಳಿಯಿತು ಎಂಬುದನ್ನು ಕೇಳಿದಾಗಲೇ ಈ ಚರಿತ್ರೆ ಪೂರ್ಣವಾಗುತ್ತದೆ.