ಇಪ್ಪತ್ತನಾಲ್ಕು ಗುರುಗಳು

ಭಾಗವತ ಪುರಾಣದ 11ನೆಯ ಸ್ಕಂಧದ 7ರಿಂದ 9ನೆಯ ಅಧ್ಯಾಯದವರೆಗೆ ಬರುವ ಗುರುಗಳ ಪಟ್ಟಿ. ಯಯಾತಿಯ ಮಗ ಯದು, ಯಾವ ಚಿಂತೆಯೂ ಇಲ್ಲದೆ ಅಲೆಯುತ್ತಿದ್ದ ಒಬ್ಬ ತರುಣ ಅವಧೂತನನ್ನು ಕಂಡು ಈ ನೆಮ್ಮದಿ ಎಲ್ಲಿಂದ ಬಂತೆಂದು ಕೇಳುತ್ತಾನೆ. ತನಗೆ ಇಪ್ಪತ್ತನಾಲ್ಕು ಮಂದಿ ಗುರುಗಳಿದ್ದಾರೆ ಎಂಬುದು ಅವಧೂತನ ಉತ್ತರ. ಅವರಲ್ಲಿ ಭೂಮಿ, ಗಾಳಿ, ಆಕಾಶ, ನೀರು, ಬೆಂಕಿ, ಚಂದ್ರ, ಸೂರ್ಯ, ಸಮುದ್ರ ಸೇರಿ ಎಂಟು; ಪಾರಿವಾಳ, ಹೆಬ್ಬಾವು, ಪತಂಗ, ಜೇನ್ನೊಣ, ಆನೆ, ಜಿಂಕೆ, ಮೀನು, ಕುರರ ಎಂಬ ಬೇಟೆಹಕ್ಕಿ, ಹಾವು, ಜೇಡ, ಕಣಜ ಎಂದು ಪ್ರಾಣಿಗಳು ಹನ್ನೊಂದು. ಉಳಿದ ಐವರು ಮನುಷ್ಯರು: ಜೇನು ಕೀಳುವವನು, ವೇಶ್ಯೆ ಪಿಂಗಳೆ, ಮಗು, ಕನ್ಯೆ, ಬಾಣ ಮಾಡುವವನು. ಭೂಮಿಯಿಂದ ತಾಳ್ಮೆ, ಬೇಸಿಗೆ ಮಳೆಗಾಲಗಳೆನ್ನದೆ ಒಂದೇ ಸಮ ಇರುವ ಕಡಲಿನಿಂದ ಸ್ಥಿರತೆ, ಮರಿಗಳ ಮೋಹಕ್ಕೆ ತಾನೂ ಬಲೆಗೆ ಬಿದ್ದ ಪಾರಿವಾಳದಿಂದ ಎಚ್ಚರ. ಪಾಠಗಳೆಲ್ಲ ಹರಿಕಥೆ, ಪ್ರವಚನಗಳಲ್ಲಿ ಬಳಕೆಯಾಗಿ ಸವೆದಿರುವುದರಿಂದ ಇಲ್ಲಿ ವಿಸ್ತರಿಸಬೇಕಾದ್ದಿಲ್ಲ. ಪಟ್ಟಿ ಹೇಗೆ ಬೆಳೆಯಿತು ಎಂಬುದರಲ್ಲಿ ಮಾತ್ರ ಗೊಂದಲಗಳಿವೆ.

ಮೊದಲ ಗೊಂದಲ ಹೆಸರಿನದು. ಅವಧೂತನೆಂದರೆ ದತ್ತಾತ್ರೇಯ ಎಂದು ಇಂದು ಎಲ್ಲರೂ ಹೇಳುತ್ತಾರೆ. ಆದರೆ ಈ ಮೂರು ಅಧ್ಯಾಯಗಳಲ್ಲಿ ಆ ಹೆಸರಿಲ್ಲ. ಯದುವೂ ಹೈಹಯನೂ ದತ್ತಾತ್ರೇಯನ ಪಾದಧೂಳಿಯಿಂದ ಯೋಗಸಿದ್ಧಿ ಪಡೆದರೆಂಬ ಮಾತು ಅದೇ ಪುರಾಣದ 2ನೆಯ ಸ್ಕಂಧದಲ್ಲಿದೆ. ಎರಡನ್ನೂ ಜೋಡಿಸಿದಾಗ ಹೆಸರು ಸಿಗುತ್ತದೆ. ಜೋಡಣೆ ಸಹಜವಾದರೂ ಅದು ಓದುಗರು ಮಾಡಿಕೊಂಡದ್ದು. ಎರಡನೆಯದು ಗ್ರಂಥದ ಗೊಂದಲ. ದತ್ತಾತ್ರೇಯನ ಹೆಸರಿನಲ್ಲಿರುವ ‘ಅವಧೂತ ಗೀತೆ’ ಬೇರೆಯೇ ಕೃತಿ. ಇಪ್ಪತ್ತನಾಲ್ಕು ಗುರುಗಳನ್ನು ಅದರಲ್ಲಿ ಹುಡುಕಿದವರಿಗೆ ನಿರಾಶೆ ಖಂಡಿತ. ಮೂರನೆಯದು ಚಿತ್ರದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ದತ್ತನ ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿಗಳು ಇರುತ್ತವೆ. ಇವೂ ಗುರುಗಳೇ ಎಂದು ತಿಳಿದವರಿದ್ದಾರೆ. ಪಟ್ಟಿಯಲ್ಲಿ ಹಸುವೂ ಇಲ್ಲ, ನಾಯಿಯೂ ಇಲ್ಲ. ಎಣಿಕೆ ಕೂಡ ಅಷ್ಟು ಬಿಗಿಯಲ್ಲ: ಇಪ್ಪತ್ತನಾಲ್ಕೂ ಮುಗಿದ ಮೇಲೆ ಅವಧೂತ ತನ್ನ ದೇಹವನ್ನೂ ಗುರುವೆಂದು ಕರೆಯುತ್ತಾನೆ.

ಪ್ರಾಣಿಯಿಂದ ಕಲಿಯುವ ಕಥೆ ಭಾಗವತಕ್ಕಿಂತ ಬಹಳ ಹಳೆಯದು. ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮ ಜಾಬಾಲ ನಾನೂರು ಬಡಕಲು ದನಗಳನ್ನು ಕಾಡಿಗೆ ಹೊಡೆದುಕೊಂಡು ಹೋಗುತ್ತಾನೆ. ಅವು ಸಾವಿರವಾದಾಗ ಗೂಳಿ, ಬೆಂಕಿ, ಹಂಸ ಮತ್ತು ಮದ್ಗು ಎಂಬ ನೀರುಹಕ್ಕಿ ಒಂದೊಂದಾಗಿ ಅವನಿಗೆ ಬ್ರಹ್ಮದ ನಾಲ್ಕು ಪಾದಗಳನ್ನು ಹೇಳಿಕೊಡುತ್ತವೆ. ಅಲ್ಲಿ ಗೂಳಿ ಬಾಯಿಬಿಟ್ಟು ಮಾತಾಡುತ್ತದೆ. ಅವಧೂತನ ಹೆಬ್ಬಾವು, ಮೀನು ಮಾತಾಡುವುದಿಲ್ಲ. ಅವು ತಮ್ಮ ಪಾಡಿಗೆ ಇರುತ್ತವೆ, ನೋಡುವವನು ಕಲಿಯುತ್ತಾನೆ. ಈ ಪರಂಪರೆಯ ನಿಜವಾದ ತಿರುವು ಇದೇ ಎನ್ನಬೇಕು. ಪ್ರಾಣಿ ಸುಮ್ಮನಾದ ಮೇಲೆ ಪಾಠದ ಹೊಣೆಯೆಲ್ಲ ಶಿಷ್ಯನ ಕಣ್ಣಿಗೆ ಬಂತು.

ಆ ತಿರುವು ಮಹಾಭಾರತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶಾಂತಿಪರ್ವದ ಮೋಕ್ಷಧರ್ಮ ಭಾಗದ ಬೋಧ್ಯಗೀತೆಯಲ್ಲಿ ಬೋಧ್ಯ ಋಷಿಯ ಗುರುಗಳು ಆರೇ: ಪಿಂಗಳೆ, ಕುರರ, ಹಾವು, ಸಾರಂಗ, ಬಾಣ ಮಾಡುವವನು, ಕನ್ಯೆ. ಕೇಳುವ ರಾಜ ಯಯಾತಿ. ಭಾಗವತಕ್ಕೆ ಬರುವಾಗ ಗುರುಗಳು ನಾಲ್ಕು ಪಟ್ಟಾಗಿದ್ದಾರೆ, ಕೇಳುವವನು ಯಯಾತಿಯ ಮಗನಾಗಿದ್ದಾನೆ. ಅಪ್ಪನ ಪ್ರಶ್ನೆ ಮಗನ ಪಾಲಿಗೆ ಹೋದದ್ದು ಆಕಸ್ಮಿಕವಿರಲಾರದು. ಇಲ್ಲಿನ ‘ಸಾರಂಗ’ ಕನ್ನಡ ಓದುಗರನ್ನು ಎಡವಿಸುತ್ತದೆ. ನಮಗೆ ಸಾರಂಗವೆಂದರೆ ಜಿಂಕೆ. ಸಂಸ್ಕೃತದಲ್ಲಿ ಚಾತಕವೂ ಹೌದು, ದುಂಬಿಯೂ ಹೌದು. ಯಾರಿಗೂ ನೋವು ಮಾಡದೆ ತಿರಿದು ಬದುಕುವ ಪಾಠ ಅದರದ್ದಾದ್ದರಿಂದ ಜಿಂಕೆಯ ಅರ್ಥ ಹೊಂದುವುದಿಲ್ಲ. ನಡುವಿನ ಕೊಂಡಿಯೊಂದು ಭಾಗವತದ 7ನೆಯ ಸ್ಕಂಧದಲ್ಲೇ ಇದೆ: ಪ್ರಹ್ಲಾದನಿಗೆ ಸಿಕ್ಕ ಮುನಿಯೊಬ್ಬ ಜೇನ್ನೊಣ ಮತ್ತು ಹೆಬ್ಬಾವು, ಇವೆರಡನ್ನೇ ತನ್ನ ಶ್ರೇಷ್ಠ ಗುರುಗಳೆನ್ನುತ್ತಾನೆ. ಬಿಡಿಬಿಡಿಯಾಗಿದ್ದ ಇಂಥ ಗುಂಪುಗಳನ್ನು ಒಟ್ಟುಗೂಡಿಸಿಯೇ 11ನೆಯ ಸ್ಕಂಧದ ಪಟ್ಟಿ ರೂಪುಗೊಂಡಂತಿದೆ. ಬೋಧ್ಯನ ಹಳೆಯ ಗುಂಪೂ ಅಳಿಯಲಿಲ್ಲ; ಬಹಳ ತಡವಾಗಿ ರಚಿತವಾದ ಸಾಂಖ್ಯಸೂತ್ರದ 4ನೆಯ ಅಧ್ಯಾಯದಲ್ಲಿ ಪಿಂಗಳೆ, ಹಾವು, ಬಾಣದವನು, ಕನ್ಯೆಯ ಬಳೆ ಮತ್ತೆ ಒಟ್ಟಿಗೆ ಬರುತ್ತವೆ.

ಹೆಚ್ಚು ಚರ್ಚೆಯಾದದ್ದು ಆ ಬಳೆಯ ಮೂಲ. ಭಾಗವತದ ಕಥೆ ಹೀಗಿದೆ. ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಹೆಣ್ಣು ಕೇಳಲು ನೆಂಟರು ಬರುತ್ತಾರೆ. ಅವರ ಊಟಕ್ಕೆಂದು ಹುಡುಗಿ ಮರೆಯಲ್ಲಿ ಭತ್ತ ಕುಟ್ಟಲು ನಿಲ್ಲುತ್ತಾಳೆ. ಒನಕೆ ಎತ್ತಿ ಹಾಕಿದಂತೆಲ್ಲ ಮುಂಗೈಯ ಶಂಖದ ಬಳೆಗಳು ಗಲಗಲ ಎನ್ನುತ್ತವೆ. ಕುಟ್ಟಿದ ಅಕ್ಕಿಯೂ ಇಲ್ಲದ ಮನೆ ಎಂದು ಬಂದವರಿಗೆ ತಿಳಿದೀತೆಂಬ ನಾಚಿಕೆ. ಒಂದೊಂದೇ ಬಳೆ ಒಡೆಯುತ್ತಾಳೆ. ಕೈಗೆರಡು ಉಳಿದರೂ ಸದ್ದು ನಿಲ್ಲುವುದಿಲ್ಲ. ಒಂದೊಂದು ಉಳಿದಾಗ ಮೌನ. ಹಲವರು ಸೇರಿದರೆ ಜಗಳ, ಇಬ್ಬರು ಸೇರಿದರೆ ಮಾತು ಎಂಬುದು ಅವಧೂತ ಕಂಡುಕೊಂಡ ಅರ್ಥ.

ಇದೇ ಬಳೆ ಬೌದ್ಧ, ಜೈನ ಕಥೆಗಳಲ್ಲೂ ಸದ್ದು ಮಾಡುತ್ತದೆ. ಪಾಲಿಯ ಮಹಾಜನಕ ಜಾತಕದಲ್ಲಿ ಮಿಥಿಲೆಯ ರಾಜ ರಾಜ್ಯ ಬಿಟ್ಟು ಹೊರಟಾಗ ರಾಣಿ ಸೀವಲಿ ಬೆನ್ನುಬಿಡುವುದಿಲ್ಲ. ದಾರಿಯಲ್ಲಿ ಒಂದು ಕೈಗೆ ಒಂದು, ಇನ್ನೊಂದಕ್ಕೆ ಎರಡು ಬಳೆ ತೊಟ್ಟ ಹುಡುಗಿಯನ್ನೂ ಒಂಟಿಗಣ್ಣಲ್ಲಿ ನೋಡಿ ಬಾಣ ನೇರ ಮಾಡುವವನನ್ನೂ ಅವಳಿಗೆ ತೋರಿಸಿ, ಒಂಟಿಯಾಗಿರುವುದೇ ಲೇಸೆಂದು ಮನಗಾಣಿಸುತ್ತಾನೆ. ಅದೇ ಬಾಣದವನು ಭಾಗವತದಲ್ಲಿ ಎದುರಿಗೇ ಹೋದ ರಾಜನನ್ನೂ ಗಮನಿಸದ ಏಕಾಗ್ರತೆಯ ಮಾದರಿ. ಕುಂಭಕಾರ ಜಾತಕದಲ್ಲಿ ಮಾವಿನ ಮರ, ಬಳೆ, ಮಾಂಸ ಕಚ್ಚಿದ ಹಕ್ಕಿ, ಗೂಳಿ ಇವುಗಳನ್ನು ನೋಡಿ ನಾಲ್ವರು ರಾಜರು ಪ್ರತ್ಯೇಕಬುದ್ಧರಾಗುತ್ತಾರೆ. ಅಲ್ಲಿ ವಿದೇಹದ ನಿಮಿಗೆ ಕಂಡದ್ದು ಹಕ್ಕಿ. ಜೈನರ ಉತ್ತರಾಧ್ಯಯನ ಸೂತ್ರದ ವ್ಯಾಖ್ಯಾನಗಳಲ್ಲೂ ನಾಲ್ವರು ರಾಜರಿದ್ದಾರೆ. ಅಲ್ಲಿ ವಿದೇಹದ ನಮಿಗೆ ಬಳೆ ಪಾಠ ಕಲಿಸುತ್ತದೆ, ಜ್ವರದ ಉರಿಗೆ ರಾಣಿಯರು ಗಂಧ ತೇಯುವಾಗ. ಪಿಂಗಳೆಯೂ ವಿದೇಹದವಳೇ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ವೀಡನ್ನಿನ ವಿದ್ವಾಂಸ ಯಾರ್ಲ್ ಶಾರ್ಪಾಂತಿಯೇ 1908ರಲ್ಲಿ ಈ ನಾಲ್ವರ ಕಥೆಗಳನ್ನು ಹೋಲಿಸಿ ವಿವರವಾಗಿ ಅಧ್ಯಯನ ಮಾಡಿದ. ಯಾರು ಯಾರಿಂದ ತೆಗೆದುಕೊಂಡರು ಎಂಬ ಪ್ರಶ್ನೆಗಿಂತ, ಮನೆಬಿಟ್ಟವರೆಲ್ಲರಿಗೂ ಸೇರಿದ ಒಂದು ಕಥೆಗಂಟು ಇತ್ತು ಎನ್ನುವುದೇ ಸಿಕ್ಕಿರುವ ಆಧಾರಗಳಿಗೆ ಹತ್ತಿರ.

ಇಂದ್ರಿಯಗಳ ಪಾಠದ ಚರಿತ್ರೆ ಚಿಕ್ಕದು. ಹಾಡಿಗೆ ಮರುಳಾದ ಜಿಂಕೆ, ಬೆಳಕಿಗೆ ಬಿದ್ದ ಪತಂಗ, ಗಾಳ ನುಂಗಿದ ಮೀನು, ಈ ಮೂರೂ ಅಶ್ವಘೋಷನ ಬುದ್ಧಚರಿತದಲ್ಲೇ ಒಟ್ಟಿಗಿವೆ. ಆನೆ ಮತ್ತು ದುಂಬಿ ಸೇರಿದ ಐದರ ಗುಂಪು ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯಲ್ಲಿ ಸಿಗುತ್ತದೆ. ಅಲ್ಲಿ ದುಂಬಿ ವಾಸನೆಗೆ ಸೋತು ಕೆಡುವ ಜೀವಿ. ಅವಧೂತನಿಗೆ ಹೂವನ್ನು ನೋಯಿಸದೆ ಸಾರವನ್ನಷ್ಟೇ ತೆಗೆದುಕೊಳ್ಳುವ ಜಾಣ, ಕೂಡಿಟ್ಟದ್ದನ್ನು ಕಳೆದುಕೊಳ್ಳುವ ದಡ್ಡ ಎರಡೂ. ಕೋಳಿಯಿಂದ ನಾಲ್ಕು, ಕತ್ತೆಯಿಂದ ಮೂರು ಗುಣ ಕಲಿ ಎನ್ನುವ ಚಾಣಕ್ಯನೀತಿಯ ಲೆಕ್ಕ ಬದುಕಿನ ಜಾಣ್ಮೆಯದು, ಈ ಸಾಲಿಗೆ ಸೇರದು.

ಕನ್ನಡಕ್ಕೆ ಈ ಪಟ್ಟಿ ಬಂದ ದಾರಿ ಭಾಗವತದ್ದು, ಮಹಾಭಾರತದ್ದಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ಅವನ ಭಾರತದ ಗಮಕ ಕೇಳುತ್ತಿದ್ದವರಿಗೆ ಶಾಂತಿಪರ್ವದ ಬೋಧ್ಯ ಸಿಗಲಿಲ್ಲ. ಉಳಿದ ಪರ್ವಗಳನ್ನು ಮುಗಿಸಿದ ತಿಮ್ಮಣ್ಣ ಕವಿಗೆ ಅಷ್ಟು ಓದುಗರಿರಲಿಲ್ಲ. 16ನೆಯ ಶತಮಾನದಲ್ಲಿ ಚಾಟು ವಿಠಲನಾಥನ ಹೆಸರಿನ ಭಾಗವತ ಬಂತು. ಅದೇ ಶತಮಾನದಲ್ಲಿ, 1573ರಲ್ಲಿ, ಏಕನಾಥ 11ನೆಯ ಸ್ಕಂಧವೊಂದಕ್ಕೇ ಮರಾಠಿ ಟೀಕೆಯನ್ನು ಕಾಶಿಯಲ್ಲಿ ಮುಗಿಸಿದ. ಭೀಮಾ ಅಮರಜಾ ಸಂಗಮದ ಗಾಣಗಾಪುರ ದತ್ತಕ್ಷೇತ್ರವಾಗಿ ಬೆಳೆದಂತೆ ಹೆಸರಿಲ್ಲದ ಅವಧೂತನಿಗೆ ದತ್ತನ ಹೆಸರು ಗಟ್ಟಿಯಾಯಿತೆಂದು ತೋರುತ್ತದೆ. ತಾನೇ ಹೆಣೆದ ಗೂಡಿನಲ್ಲಿ ಸಾಯುವ ರೇಷ್ಮೆಹುಳುವನ್ನು ಅಕ್ಕಮಹಾದೇವಿ 12ನೆಯ ಶತಮಾನದಲ್ಲೇ ಕಂಡಿದ್ದಳು. ಆ ಹುಳು ಅವಧೂತನ ಪಟ್ಟಿಯಲ್ಲಿಲ್ಲ, ಅದು ಅವಳದೇ ನೋಟ.

ಕೊನೆಯ ಗುರು ಕಣಜದ ವಿಷಯದಲ್ಲಿ ಮಾತ್ರ ಹೊಸ ದಾಖಲೆಗಳಿವೆ. ಕಣಜ ಹಿಡಿದು ಗೋಡೆಯ ಗೂಡಿನಲ್ಲಿಟ್ಟ ಹುಳು ಭಯದಿಂದ ಅದನ್ನೇ ನೆನೆನೆನೆದು ಕಣಜವೇ ಆಗುತ್ತದೆಂಬುದು ಭಾಗವತದ ಮಾತು. ವಚನಕಾರರಿಗೂ ಪ್ರಿಯವಾದ ಕೀಟ–ಭ್ರಮರ ನ್ಯಾಯ ಇದೇ. ನೋಡಿದ್ದು ಸುಳ್ಳಲ್ಲ. ಹಸಿರು ಹುಳು ಒಳಗೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ, ಕೆಲವು ವಾರಗಳ ಮೇಲೆ ಕಣಜ ಕೊರೆದುಕೊಂಡು ಹೊರಬರುತ್ತದೆ. ನಡುವೆ ನಡೆದದ್ದು ಮಣ್ಣಿನೊಳಗೆ. ಫ್ರಾನ್ಸಿನ ಜಾನ್ ಆನ್ರಿ ಫಾಬ್ರ್ 1855ರಲ್ಲಿ ಇಂಥದೇ ಬೇಟೆಗಾರ ಕಣಜವೊಂದನ್ನು ಕುರಿತು ಬರೆಯುತ್ತ, ಅದರ ಬೇಟೆ ಸತ್ತಿರುವುದಿಲ್ಲ, ಕುಟುಕಿನಿಂದ ಅಲುಗಾಡದಂತಾಗಿರುತ್ತದೆ ಎಂದು ತೋರಿಸಿದ. ಕಿಟಕಿಯ ಚೌಕಟ್ಟಿಗೆ ಅಂಟಿದ ಕುಂಬಾರಹುಳದ ಗೂಡನ್ನು ಒಡೆದು ನೋಡಿದರೆ ಮೆತ್ತಗಿನ ಹುಳುಗಳು ಬಾಡದೆ, ಮಿಸುಕದೆ ಸಾಲಾಗಿ ಮಲಗಿರುತ್ತವೆ. ಜೊತೆಗೆ ಕಣಜದ ಒಂದು ಮೊಟ್ಟೆ, ಇಲ್ಲವೇ ಅವನ್ನು ತಿನ್ನುತ್ತಿರುವ ಮರಿ. ಕೆಲವು ಜಾತಿಯ ಗೂಡುಗಳಲ್ಲಿ ಹುಳುವಿನ ಬದಲು ಜೇಡಗಳೇ ತುಂಬಿರುತ್ತವೆ: 24ನೆಯ ಗುರುವಿನ ಮರಿಗೆ 23ನೆಯ ಗುರು ಬುತ್ತಿ.