ಮುಲ್ಕೋವಾಲದ ಸೀಸೆ: ಆಸ್ಪತ್ರೆಯ ಔಷಧಲೆಕ್ಕದ ಚರಿತ್ರೆ

ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ನಿತ್ಯವೂ ಮುಂಬಯಿಗೆ ಹೋಗಿಬರುವ ನಮ್ಮ ಕನ್ನಡಿಗರಲ್ಲಿ ಪರೇಲ, ಭಾಯಖಳಾ ನಿಲ್ದಾಣಗಳನ್ನು ಹಾಯದವರು ವಿರಳ. ಪರೇಲದಲ್ಲಿ ಹಾಫ್ಕಿನ್ ಸಂಸ್ಥೆಯಿದೆ. ಭಾಯಖಳಾದ ಬಳಿ ಜೆ. ಜೆ. ಆಸ್ಪತ್ರೆಯಿದೆ. ಆಸ್ಪತ್ರೆಗಳ ಔಷಧಾಲಯಗಳಿಗೆ ಗಣಕಯಂತ್ರವು ಬಂದು, ದತ್ತಾಂಶ ವಿಶ್ಲೇಷಣೆಯೆಂಬ ಶಾಸ್ತ್ರವೊಂದು ಬೆಳೆಯುತ್ತಿರುವ ಈ ಕಾಲದಲ್ಲಿ, ಆ ಶಾಸ್ತ್ರದ ಮೂಲಪ್ರಶ್ನೆಯು ಹೊಸದಲ್ಲವೆಂಬುದನ್ನು ಈ ಎರಡು ಸಂಸ್ಥೆಗಳ ಚರಿತ್ರೆಯಿಂದಲೇ ಅರಿಯಬಹುದು. ಯಾವ ಸೀಸೆಯ ಔಷಧವು ಯಾವ ರೋಗಿಯ ಮೈಯನ್ನು ಸೇರಿತು ಎಂಬುದೇ ಆ ಪ್ರಶ್ನೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ವಾಲ್ಡೆಮಾರ್ ಹಾಫ್ಕಿನನು ಲಸಿಕೆಯೊಂದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. 1898ರಲ್ಲಿ ಆ ಮಾರಿಯು ನಮ್ಮ ಹುಬ್ಬಳ್ಳಿಯನ್ನು ಕಾಡಿತು. ಅಲ್ಲಿ ಡಾ. ಲ್ಯೂಮನ್ನನ ಮೇಲ್ವಿಚಾರಣೆಯಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಿದುದಲ್ಲದೆ, ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು ಎಂಬ ಲೆಕ್ಕವನ್ನೂ ಇರಿಸಲಾಯಿತು. ಲಸಿಕೆಯ ಪರವಾಗಿ ಹಾಫ್ಕಿನನು ಮುಂದಿಟ್ಟ ಪ್ರಬಲ ಪ್ರಮಾಣಗಳಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಗಳ ಅಂಕಿಗಳೂ ಸೇರಿದ್ದವು. ಔಷಧದ ದತ್ತಾಂಶವನ್ನು ವಿಶ್ಲೇಷಿಸುವ ಕಾರ್ಯಕ್ಕೆ ಕನ್ನಡನಾಡೂ ಒಂದು ನೆಲೆಯಾಯಿತೆಂದು ನಾವು ಹೆಮ್ಮೆಪಟ್ಟರೆ ಅದು ಅತಿಶಯೋಕ್ತಿಯಾಗಲಾರದು.

ನಾಲ್ಕು ವರ್ಷಗಳ ತರುವಾಯ ಅನರ್ಥವೊಂದು ಘಟಿಸಿತು. 1902ರ ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಮುಲ್ಕೋವಾಲ ಗ್ರಾಮದಲ್ಲಿ 107 ಮಂದಿಗೆ ಪರೇಲದಿಂದ ಬಂದ ಲಸಿಕೆಯನ್ನು ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಯೂ ಒಂದೇ ಸೀಸೆಯ ಲಸಿಕೆಯನ್ನು ಪಡೆದವರು. ಸೀಸೆಯ ಸಂಖ್ಯೆ 53-ಎನ್. ಉಳಿದ ಸೀಸೆಗಳಿಂದ ಪಡೆದ 88 ಮಂದಿಗೆ ಏನೂ ಆಗಲಿಲ್ಲ. ವಿಚಾರಣೆ ನಡೆಸಿದವರು ಪರೇಲದ ಪ್ರಯೋಗಶಾಲೆಯನ್ನೇ ದೂಷಿಸಿದರು. ಹಾಫ್ಕಿನನು ಅಧಿಕಾರವನ್ನು ಕಳೆದುಕೊಂಡನು. ಸೀಸೆಯನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಿದ ಸಂಗತಿಯು ಮೇಲೆದ್ದು ನಿಂತು, ರೊನಾಲ್ಡ್ ರಾಸ್ ಮೊದಲಾದವರು ಅವನ ಪರವಾಗಿ ವಾದಿಸಿ, ಅವನು ದೋಷಮುಕ್ತನಾಗುವಷ್ಟರಲ್ಲಿ 1907 ಬಂದಿತ್ತು. ಆ ಕಾಲದ ಗ್ರಾಮವೊಂದರಲ್ಲಿ ಸೀಸೆಯ ಸಂಖ್ಯೆಯನ್ನೂ ಲಸಿಕೆ ಪಡೆದವರ ಹೆಸರುಗಳನ್ನೂ ಒಂದಕ್ಕೊಂದು ತಾಳೆ ಹಾಕುವುದು ಸಾಧ್ಯವಾಗಿತ್ತು. ಆ ದಾಖಲೆಯಿರದಿದ್ದರೆ ವಾದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಜೆ. ಜೆ. ಆಸ್ಪತ್ರೆಯ ಪಾಠವು ಇನ್ನೊಂದು ಬಗೆಯದು. 1986ರ ಆದಿಯಲ್ಲಿ ಅಲ್ಲಿ ಚಿಕಿತ್ಸೆಗೆಂದು ಗ್ಲಿಸರಿನ್ ಪಡೆದ 14 ರೋಗಿಗಳು ಮೃತರಾದರು. ಗ್ಲಿಸರಿನ್ನಿನಲ್ಲಿ ಡೈ-ಎಥಿಲೀನ್ ಗ್ಲೈಕಾಲ್ ಎಂಬ, ಮೂತ್ರಪಿಂಡಗಳನ್ನು ಕೆಡಿಸುವ ವಿಷವಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗವು 1987ರಲ್ಲಿ ಸಲ್ಲಿಸಿದ ವರದಿಯು ಔಷಧ ಖರೀದಿಯ ಹಾಗೂ ಔಷಧ ನಿಯಂತ್ರಣದ ಅವ್ಯವಸ್ಥೆಗಳನ್ನು ಬಯಲಿಗೆಳೆಯಿತು. ಬ್ಯಾಂಕಿನ ನೌಕರಿಯಲ್ಲಿರುವ ನನ್ನಂಥವರಿಗೆ ತಾಳೆಪಟ್ಟಿ ಸರಿಹೊಂದಿದರೆ ದೊಡ್ಡ ಸಮಾಧಾನ. ಆದರೆ ತಾಳೆಪಟ್ಟಿ ಸರಿಯಿದ್ದೂ ಪೆಟ್ಟಿಗೆಯೊಳಗಿನ ನೋಟು ಖೋಟಾ ಆಗಿರಬಹುದಷ್ಟೆ.

ದಾಸ್ತಾನಿನ ಲೆಕ್ಕದ ಶಾಸ್ತ್ರವು ಈ ನಡುವೆ ಕಾರಖಾನೆಗಳಿಂದ ಆಸ್ಪತ್ರೆಗಳಿಗೆ ಬಂದಿತ್ತು. 1951ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಿಕಿ ಎಂಬವನು ಸರಕುಗಳನ್ನು ವೆಚ್ಚದ ಮೇರೆಗೆ ಎ, ಬಿ, ಸಿ ಎಂದು ವಿಂಗಡಿಸುವ ಕ್ರಮವನ್ನು ಪ್ರಚುರಪಡಿಸಿದನು. ಪಟ್ಟಿಯ ಕೆಲವೇ ಸರಕುಗಳು ಹಣದ ಬಹುಭಾಗವನ್ನು ನುಂಗುವುದರಿಂದ ಕಣ್ಣು ಅವುಗಳ ಮೇಲಿರಲಿ ಎಂಬುದು ಇದರ ತಾತ್ಪರ್ಯ. ಆಸ್ಪತ್ರೆಗೆ ಇಷ್ಟು ಸಾಲದು. ಅಗ್ಗದ ಅಡ್ರಿನಲಿನ್ ಇಲ್ಲದಿದ್ದರೆ ಪ್ರಾಣವೇ ಹೋದೀತು. ಆದುದರಿಂದ ಪ್ರಾಣಾವಶ್ಯಕ, ಅಗತ್ಯ, ಅಪೇಕ್ಷಣೀಯ ಎಂಬ ಎರಡನೆಯ ವಿಂಗಡಣೆಯನ್ನು ಇದಕ್ಕೆ ಜೋಡಿಸಿದರು. 1994ರಲ್ಲಿ ಸ್ಥಾಪಿತವಾದ ತಮಿಳುನಾಡಿನ ವೈದ್ಯಕೀಯ ಸೇವಾ ನಿಗಮವು ಪ್ರತಿಯೊಂದು ಆಸ್ಪತ್ರೆಗೂ ಒಂದು ಪಾಸ್‌ಬುಕ್ಕನ್ನು ಕೊಟ್ಟಿತು. ಮಂಜೂರಾದ ಮೊತ್ತ, ಉಗ್ರಾಣದಿಂದ ಎತ್ತಿದ ಔಷಧ, ಎರಡೂ ಅದರಲ್ಲಿಯೇ. ನಮ್ಮ ಕಸುಬಿನ ಪುಸ್ತಕವು ಔಷಧಾಲಯವನ್ನು ಪ್ರವೇಶಿಸಿದುದನ್ನು ಕಂಡು ನನಗೆ ಸಂತೋಷವಾಗದೆ ಇರದು. 2011ರಲ್ಲಿ ರಾಜಸ್ಥಾನವು ಉಚಿತ ಔಷಧ ಯೋಜನೆಯನ್ನು ಆರಂಭಿಸಿತು. ಆ ಯೋಜನೆಗೆ ಒದಗಿದ ಇ-ಔಷಧಿ ಎಂಬ ಗಣಕ ವ್ಯವಸ್ಥೆಯನ್ನು ಮಹಾರಾಷ್ಟ್ರವೂ ಸ್ವೀಕರಿಸಿತು.

ಲಸಿಕೆಯ ತಯಾರಿಕೆಗಾಗಿ 1975ರಲ್ಲಿ ಪರೇಲದ ಸಂಸ್ಥೆಯಿಂದ ಬೇರ್ಪಟ್ಟ ಹಾಫ್ಕಿನ್ ನಿಗಮಕ್ಕೇ 2017ರಲ್ಲಿ ಮಹಾರಾಷ್ಟ್ರ ಸರಕಾರವು ಔಷಧ ಖರೀದಿಯನ್ನು ವಹಿಸಿಕೊಟ್ಟಿತು. ವಿಳಂಬದ ದೂರುಗಳು ಹೆಚ್ಚಲಾಗಿ 2023ರಲ್ಲಿ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಠಾಣೆಯ ಕಳವಾ ಆಸ್ಪತ್ರೆಯಲ್ಲಿ 24 ತಾಸುಗಳೊಳಗೆ 18 ರೋಗಿಗಳು ಮೃತರಾದರು. ಔಷಧದ ಕೊರತೆಯೇ ಅದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಜಿಲ್ಲಾ ಆಸ್ಪತ್ರೆಯು ಪುನರ್ನಿರ್ಮಾಣಕ್ಕಾಗಿ ಸ್ಥಳಾಂತರಗೊಂಡುದರಿಂದ ಕಳವಾದ ಮೇಲೆ ಭಾರ ಹೆಚ್ಚಿತ್ತೆಂಬ ವರದಿಗಳಿದ್ದವು. ಹಿಂದಿನ ವರ್ಷದ ಬಳಕೆಯನ್ನು ನೋಡಿ ಮುಂದಿನ ವರ್ಷದ ಬೇಡಿಕೆಯನ್ನು ಬರೆಯುವ ಕ್ರಮಕ್ಕೆ ಇಂಥ ಸ್ಥಿತ್ಯಂತರವು ಗೋಚರಿಸುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ದೋಷವೊಂದುಂಟು. ಉಗ್ರಾಣದಲ್ಲಿ ಔಷಧವಿಲ್ಲದ ತಿಂಗಳಲ್ಲಿ ಬಳಕೆಯು ಶೂನ್ಯವೆಂದು ದಾಖಲಾಗುತ್ತದೆ. ಚೀಟಿ ಹಿಡಿದು ಬರಿಗೈಯಲ್ಲಿ ಮರಳಿದವರನ್ನು ಎಣಿಸದಿದ್ದರೆ ಯಂತ್ರವು ಆ ಶೂನ್ಯವನ್ನು, ಯಾರಿಗೂ ಬೇಕಿರಲಿಲ್ಲವೆಂದೇ ಓದುತ್ತದೆ.

ಇನ್ನು ಬಳ್ಳಾರಿಯ ಪ್ರಕರಣ. 2024ರ ನವೆಂಬರಿನಲ್ಲಿ ಅಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾಗಿ, ಐವರು ಅಸುನೀಗಿದರು. ಸಂಶಯವು ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಆ ಸರಬರಾಜುದಾರರ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯವು ಮೊದಲೇ ಸಲ್ಲದವೆಂದಿತ್ತು. ಅವುಗಳಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯವು ಒಪ್ಪಿತ್ತು. ತಡೆಹಿಡಿದ ದಾಸ್ತಾನಿನ ಒಂದು ಭಾಗ ಬಿಡುಗಡೆಯಾಗಿತ್ತು. ಇಲ್ಲಿ ದತ್ತಾಂಶದ ಕೊರತೆಯಿರಲಿಲ್ಲ. ಒಂದು ಪ್ರಯೋಗಾಲಯವು ಬೇಡವೆಂದು, ಇನ್ನೊಂದು ಆದೀತೆಂದು ಹೇಳಿದಾಗ ಹೆರಿಗೆಕೋಣೆಗೆ ಆ ಸೀಸೆ ಹೋಗಬೇಕೇ ಎಂಬುದನ್ನು ಯಂತ್ರವು ನಿರ್ಣಯಿಸಲಾರದು. ಅದಕ್ಕೆ ಅಧಿಕಾರವುಳ್ಳ ಮನುಷ್ಯನೊಬ್ಬನು ಬೇಕು, ಅವನಿಗೆ ಸಂಶಯದ ಲಾಭವನ್ನು ರೋಗಿಗೆ ಕೊಡುವ ಧೈರ್ಯವೂ ಬೇಕು.

2023ರ ಆಗಸ್ಟ್ 1ರಿಂದ ದೇಶದ 300 ಪ್ರಮುಖ ಔಷಧಗಳ ಮೇಲೆ ಕ್ಯೂಆರ್ ಸಂಕೇತವು ಕಡ್ಡಾಯವಾಗಿದೆ. ಅದರಲ್ಲಿ ಬ್ಯಾಚ್ ಸಂಖ್ಯೆಯೂ ಅಡಕವಾಗಿದೆ. ಕಾರಖಾನೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಆಸ್ಪತ್ರೆಗೆ ಆ ಸಂಖ್ಯೆಯು ನಡೆದುಬರುತ್ತದೆ. ಆದರೆ ಅನೇಕ ಆಸ್ಪತ್ರೆಗಳಲ್ಲಿ ಅದು ವಾರ್ಡಿನ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ರೋಗಿಯ ಕಾಗದದಲ್ಲಿ ಔಷಧದ ಹೆಸರು, ಪ್ರಮಾಣ, ವೇಳೆ ಮಾತ್ರ ಇರುತ್ತವೆ. ಮುಲ್ಕೋವಾಲದಲ್ಲಿ 1902ರಲ್ಲಿ ತಿಳಿಯಲು ಸಾಧ್ಯವಾಗಿದ್ದ ಆ ಕೊನೆಯ ಸಂಗತಿಯನ್ನು, ರೋಗಿಯ ಹೆಸರಿನ ಎದುರಿಗೆ ಸೀಸೆಯ ಸಂಖ್ಯೆಯನ್ನು, ಬರೆದಿಡುವ ಅಂಕಣವು ಅಲ್ಲಿ ಇನ್ನೂ ತೆರೆಯಬೇಕಾಗಿದೆ.