ಆನೆ ಕಾಸು ಮತ್ತು ಭಾನುವಾರದ ಗೆಳೆಯರು

ಹಣ, ಕಾಸು, ದುಡ್ಡು. ಈ ಮೂರು ಮಾತುಗಳನ್ನು ನಾವು ದಿನಕ್ಕೆ ನೂರು ಸಲ ಆಡುತ್ತೇವೆ, ಮೂರಕ್ಕೂ ಒಂದೇ ಅರ್ಥ ಎಂದುಕೊಂಡಿದ್ದೇವೆ. ಹಿಂದೆ ಇವು ಬೇರೆ ಬೇರೆ ನಾಣ್ಯಗಳ ಹೆಸರಾಗಿದ್ದವು. ಹಣ ಎಂದರೆ ತೊಗರಿಬೇಳೆಯಷ್ಟಗಲದ ಚಿನ್ನದ ನಾಣ್ಯ. ಕಾಸು, ದುಡ್ಡು ತಾಮ್ರದವು. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಹಾಕಿಸಿದ ಕಂಠೀರಾಯ ಹಣ ಹತ್ತು ಸೇರಿದರೆ ಲೆಕ್ಕದಲ್ಲಿ ಒಂದು ವರಾಹ. ಆ ನಾಣ್ಯಗಳು ಹೋದವು, ಹೆಸರು ಮಾತ್ರ ಬಾಯಲ್ಲಿ ಉಳಿಯಿತು. ಹದಿನಾರಾಣೆ ಸತ್ಯ ಎನ್ನುವ ಇಂದಿನ ಹುಡುಗರಿಗೆ ಹದಿನಾರಾಣೆ ಸೇರಿದರೆ ಒಂದು ರೂಪಾಯಿ ಎಂಬುದು ಗೊತ್ತಿರಲಿಕ್ಕಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ನಾನು ಕಾಲೇಜಿನಲ್ಲಿ ಇತಿಹಾಸ ಓದಿದವನಲ್ಲ. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಪಿಯುಸಿ ಮಾಡಿ, ಅಂಚೆ ಇಲಾಖೆ ಸೇರಿ, ಕೌಂಟರಿನಲ್ಲಿ ಚಿಲ್ಲರೆ ಎಣಿಸಿ ನಿವೃತ್ತನಾದವನು. ಆದ್ದರಿಂದ ಚಿಲ್ಲರೆಯ ಇತಿಹಾಸವನ್ನೇ ಬರೆಯುತ್ತೇನೆ.

ನಮ್ಮ ಊರಿನ ಅರ್ಧ ಮನೆಗಳು ಮುಳುಗಡೆಯವರ ಮನೆಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳನ್ನು ನುಂಗಿತು. ಅಲ್ಲಿಂದ ಲಾರಿ ಹತ್ತಿ ಬಂದವರ ಮಕ್ಕಳು ನಾವು. ನಮ್ಮ ಅಜ್ಜಿ ತಂದ ಸಾಮಾನಿನಲ್ಲಿ ಒಂದು ಎಲೆಯಡಿಕೆ ಸಂಚಿ ಇತ್ತು. ಸುಣ್ಣದ ಡಬ್ಬಿಯ ಜೊತೆಗೆ ಅದರಲ್ಲಿ ಒಂದು ದಪ್ಪ ತಾಮ್ರದ ಬಿಲ್ಲೆ. ಬಿಲ್ಲೆಯ ಮೇಲೆ ಆನೆ. ಅಜ್ಜಿ ಅದನ್ನು ಆನೆ ಕಾಸು ಎನ್ನುತ್ತಿದ್ದಳು. ಯಾರು ಹಾಕಿಸಿದ್ದು, ಎಲ್ಲಿಯದು ಎಂದು ಕೇಳಿದರೆ, "ನಮ್ಮ ಕಡೇದು" ಎನ್ನುವಳು. ಅಷ್ಟೇ ಉತ್ತರ.

ನಿವೃತ್ತಿಯಾದ ಎರಡನೇ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮಗ ಪುಣೆಯಲ್ಲಿ. ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಒಬ್ಬನೇ ಉಳಿದೆ. ಒಬ್ಬನಿಗೆ ಅನ್ನ ಮಾಡಲು ಎಷ್ಟು ಅಕ್ಕಿ ಹಾಕಬೇಕೆಂದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಪೆಟ್ಟಿಗೆ ಖಾಲಿ ಮಾಡುವಾಗ ಅಜ್ಜಿಯ ಸಂಚಿ ಸಿಕ್ಕಿತು. ಆನೆ ಕಾಸನ್ನು ಜೇಬಿನಲ್ಲಿ ಹಾಕಿಕೊಂಡು, ಇದರ ಬಗ್ಗೆ ತಿಳಿದವರು ಯಾರಾದರೂ ಇದ್ದಾರೆಯೇ ಎಂದು ಪರಿಚಯದ ಅಕ್ಕಸಾಲಿಗರೊಬ್ಬರನ್ನು ಕೇಳಿದೆ. ಅವರು ತೂಕದ ತಕ್ಕಡಿ ಒಳಗಿಟ್ಟು, "ಮುಂದಿನ ಭಾನುವಾರ ಬೆಳಿಗ್ಗೆ ಬನ್ನಿ, ಎಲ್ಲರೂ ಇರ್ತಾರೆ" ಎಂದರು.

ಎಲ್ಲರೂ ಎಂದರೆ ಆರೇಳು ಜನ. ನಾಣ್ಯ ಸಂಗ್ರಹಕಾರರಿಗೆ ನಮ್ಮ ದೇಶದಲ್ಲಿ ದೊಡ್ಡ ಸಂಘಗಳಿವೆ. ಭಾರತೀಯ ನಾಣ್ಯಶಾಸ್ತ್ರ ಸಂಘ 1910ರಲ್ಲೇ ಹುಟ್ಟಿತು. ನಮ್ಮ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಅಂಗಡಿಯ ಹಿಂದಿನ ಕೋಣೆ, ಒಂದು ಚಾಪೆ, ಒಂದು ಮಸೂರ, ಆಚಾರ್ರ ತಕ್ಕಡಿ, ಎರಡು ಸುತ್ತು ಚಹಾ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಉರ್ದು ಶಾಲೆಯ ನಿವೃತ್ತ ಮೇಷ್ಟ್ರು ಒಬ್ಬರು, ಒಬ್ಬ ನರ್ಸಮ್ಮ, ಗ್ಯಾರೇಜ್ ಹುಡುಗ ಒಬ್ಬ. ಮೈಸೂರು ವಿಶ್ವವಿದ್ಯಾಲಯದ ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಜೆರಾಕ್ಸ್ ಪ್ರತಿಯೇ ನಮ್ಮ ಗ್ರಂಥಾಲಯ.

ನನ್ನ ಬಿಲ್ಲೆ ಚಾಪೆಯ ಮೇಲೆ ಕೈಯಿಂದ ಕೈಗೆ ಹೋಯಿತು. ಕಂಡಕ್ಟರ್ ಮೊದಲು ಹೇಳಿದ್ದು: "ಆನೆ ಮೇಲೆ ಸೂರ್ಯ ಚಂದ್ರ ಇದೆಯಾ ನೋಡಿ. ಇದ್ದರೆ ಮುಮ್ಮಡಿಯವರದ್ದು." ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲೂ ಆನೆಯಿದೆ, ಅದರ ಮೇಲೆ ಸೂರ್ಯ ಚಂದ್ರರಿದ್ದಾರೆ. ಕೆಲವದರ ಹಿಂಬದಿಯಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು' ಎಂದೂ ಇಂಗ್ಲಿಷಿನಲ್ಲಿ 'ಎಕ್ಸ್ ಎಕ್ಸ್ ಕ್ಯಾಷ್', ಅಂದರೆ ಇಪ್ಪತ್ತು ಕಾಸು, ಎಂದೂ ಇರುತ್ತದೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ನನ್ನದರಲ್ಲಿ ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ. ಹಿಂಬದಿಯಲ್ಲಿ ಸವೆದ ಪರ್ಷಿಯನ್ ಬರಹ. ಅದು ಉರ್ದು ಮೇಷ್ಟ್ರ ಕೈಗೆ ಹೋಯಿತು. ಅವರು ಕಿಟಕಿಯ ಬೆಳಕಿಗೆ ಹಿಡಿದು, ಮಸೂರ ಹತ್ತಿರ ತಂದು, ದೂರ ಮಾಡಿ, ಕೊನೆಗೆ ಓದಿದರು: "ಜರ್ಬ್ ನಗರ್."

ಜರ್ಬ್ ಎಂದರೆ ಟಂಕಿಸಿದ್ದು. ನಗರದಲ್ಲಿ ಟಂಕಿಸಿದ್ದು. ಹೊಸನಗರ ತಾಲ್ಲೂಕಿನ ನಗರ, ಹಳೆಯ ಬಿದನೂರು. ಟಿಪ್ಪು ಸುಲ್ತಾನನ ಕಾಲದ ಪೈಸೆ. ಅಜ್ಜಿ ಹೇಳಿದ "ನಮ್ಮ ಕಡೇದು" ಎಂಬ ಮಾತು ತಾಮ್ರದ ಮೇಲೆಯೇ ಬರೆದಿತ್ತು, ನಮ್ಮ ಮನೆಯಲ್ಲಿ ಓದಬಲ್ಲವರು ಇರಲಿಲ್ಲ ಅಷ್ಟೆ. ನೀರಿನ ಕೆಳಗೆ ಹೋದ ಸೀಮೆಯ ಹೆಸರನ್ನು ಅರವತ್ತು ವರ್ಷದ ಮೇಲೆ ಒಬ್ಬ ಮೇಷ್ಟ್ರ ಬಾಯಲ್ಲಿ ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ಯಾರೂ ಏನೂ ಕೇಳಲಿಲ್ಲ. ನರ್ಸಮ್ಮ ಇನ್ನೊಂದು ಲೋಟ ಚಹಾ ಮುಂದಿಟ್ಟರು. ಕಂಡಕ್ಟರ್ ಮಾತ್ರ, "ಮಾರಾಯ್ರೇ, ನಮ್ಮದೂ ಮುಳುಗಡೇನೇ" ಎಂದರು. ಅವರ ತಂದೆಯ ಊರು ನಮ್ಮ ಊರಿನಿಂದ ಎರಡು ಹರದಾರಿ.

ಇಲ್ಲಿ ನಗರದ ನಾಣ್ಯಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ನಮ್ಮೆಲ್ಲರ ಹಿಂದಿನವರ ವ್ಯವಹಾರದ ಕಥೆ. ಕೆಳದಿಯ ನಾಯಕರು ಚಿನ್ನದ ವರಾಹ ಹಾಕಿಸುತ್ತಿದ್ದರು. ಒಂದು ಬದಿಯಲ್ಲಿ ಕೂತ ಶಿವ ಪಾರ್ವತಿಯರು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ'. ಉಮಾಮಹೇಶ್ವರರ ಈ ಮಾದರಿ ವಿಜಯನಗರದಿಂದ ಬಂದದ್ದು. ತೂಕ ಸುಮಾರು 3.4 ಗ್ರಾಂ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋಯಿತು, ಟಂಕಸಾಲೆಯೂ ಹೋಯಿತು. ಜನ ಮಾತ್ರ ಅದನ್ನು ಇಕ್ಕೇರಿ ವರಾಹ ಎಂದೇ ಕರೆದರು. ಊರು ಬಿಟ್ಟರೂ ಹೆಸರು ಬಿಡದ ಈ ಗುಣ ಮುಳುಗಡೆಯವರಿಗೆ ಬೇಗ ಅರ್ಥವಾಗುತ್ತದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ನಾಣ್ಯ ಹಾಕಿಸಿದಾಗ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಅವರು ಇದ್ದ ಹಾಗೇ ಇದ್ದರು. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಹಾಕಿಸಿದ. ಬಹಾದ್ದೂರಿ ಹೊನ್ನು ಎನ್ನುವುದು ಇದನ್ನೇ. ಇದನ್ನು ಔದಾರ್ಯ ಎನ್ನುವವರಿದ್ದಾರೆ, ಲೆಕ್ಕಾಚಾರ ಎನ್ನುವವರಿದ್ದಾರೆ. ನಮ್ಮ ಚಾಪೆಯ ಮೇಲೆ ಈ ವಾದ ಮೂರು ಭಾನುವಾರ ನಡೆದಿದೆ. ಕೌಂಟರಿನಲ್ಲಿ ಕೂತಿದ್ದ ನನ್ನ ಅಭಿಪ್ರಾಯ ಇಷ್ಟು: ಅಡಿಕೆ ಮೆಣಸು ಮಾರುವವನು ತನಗೆ ಗುರುತಿರುವ ನಾಣ್ಯವನ್ನು ಮಾತ್ರ ನಂಬುತ್ತಾನೆ, ಹೊಸ ಒಡೆಯನಿಗೆ ಅದು ಚೆನ್ನಾಗಿ ಗೊತ್ತಿತ್ತು. ಟಿಪ್ಪು ನಾಣ್ಯಗಳ ರೂಪವನ್ನೇ ಬದಲಿಸಿದ. ಪೈಸೆಗೆ ಜೊಹ್ರಾ, ಅರ್ಧ ಪೈಸೆಗೆ ಬಹ್ರಾಮ್ ಎಂದು ಗ್ರಹಗಳ ಹೆಸರು ಬಂತು. ಮೌಲೂದಿ ಶಕೆ ತಂದ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1216 ಎಂಬುದು ನಮ್ಮ ಕಣ್ಣಿಗೆ 6121 ಎಂದು ಕಾಣುತ್ತದೆ. ಗ್ಯಾರೇಜ್ ಹುಡುಗ ಇದನ್ನು ಮೊದಲ ಸಲ ಕೇಳಿದ ದಿನ, "ಹಾಗಾದ್ರೆ ಇದು ಮುಂದಿನ ಕಾಲದ್ದಾ ಸಾರ್?" ಎಂದು ಎಲ್ಲರನ್ನೂ ನಗಿಸಿದ್ದ.

ರಾಜರ ನಾಣ್ಯ ದುಬಾರಿ. ನಮ್ಮ ಕೂಟದಲ್ಲಿ ಹೆಚ್ಚು ಓಡಾಡುವುದು ಬಡವರ ನಾಣ್ಯ: 1943ರಿಂದ 47ರವರೆಗಿನ ತೂತಿನ ಕಾಸು, 1957ರ ಏಪ್ರಿಲ್ 1ರಂದು ಬಂದ ನಯಾ ಪೈಸೆ, ಒಂದಾಣೆಗೆ ಆರೂಕಾಲು ಪೈಸೆ ಎಂಬ ಲೆಕ್ಕದಲ್ಲಿ ಸಂತೆಯವರನ್ನೆಲ್ಲ ಕಂಗೆಡಿಸಿದ್ದು, ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ, 2011ರ ಜೂನ್ 30ಕ್ಕೆ ಚಲಾವಣೆ ನಿಂತ ನಾಲ್ಕಾಣೆ. ಇಸವಿಯ ಕೆಳಗೆ ಸಣ್ಣ ಗುರುತಿರುತ್ತದೆ. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಗುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಆ ಮೊದಲ ಭಾನುವಾರದ ನಂತರ ಕಂಡಕ್ಟರ್ ದಿನಾ ಸಂಜೆ ಏಳಕ್ಕೆ ಫೋನ್ ಮಾಡತೊಡಗಿದರು. "ಪೋಸ್ಟ್ ಮಾಸ್ಟ್ರೇ, ನಿಮ್ಮ ಹತ್ರ ಇರೋ ಎಂಟಾಣೆಗೆ ನಕ್ಷತ್ರ ಇದೆಯೋ ಚುಕ್ಕಿ ಇದೆಯೋ ನೋಡಿ ಹೇಳಿ." ನಾನು ಡಬ್ಬಿ ತೆಗೆದು, ದೀಪದ ಕೆಳಗೆ ಹುಡುಕಿ ಹೇಳುವೆ. "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುವರು. ಎಷ್ಟೋ ತಿಂಗಳ ಮೇಲೆ ಅವರ ಮನೆಗೆ ಹೋದಾಗ ನೋಡಿದೆ: ಐವತ್ತು ಪೈಸೆಯ ನಾಲ್ಕೂ ಟಂಕಸಾಲೆಯ ನಾಣ್ಯಗಳನ್ನು ಇಸವಿವಾರು ಪುಸ್ತಕದಲ್ಲಿ ಜೋಡಿಸಿಟ್ಟಿದ್ದರು. ಅವರಿಗೆ ನನ್ನ ಎಂಟಾಣೆಯಿಂದ ತಿಳಿಯಬೇಕಾದ್ದು ಏನೂ ಇರಲಿಲ್ಲ. ನಾನು ಅದರ ಬಗ್ಗೆ ಮಾತೆತ್ತಲಿಲ್ಲ, ಅವರೂ ಎತ್ತಲಿಲ್ಲ. ಫೋನ್ ಈಗಲೂ ಬರುತ್ತದೆ.

ಊರಿನವರು ತಿಳಿಯಬೇಕಾದ ಒಂದು ಸಂಗತಿ. ಒಂದು ಭಾನುವಾರ ಹೆಂಗಸೊಬ್ಬರು ಸೆರಗಿನಲ್ಲಿ ಗಂಟು ಹಾಕಿ ಒಂದು ಬಿಲ್ಲೆ ತಂದರು. ಹನುಮಂತನ ಚಿತ್ರ, ಒಂದಾಣೆ ಎಂಬ ಬರಹ, 1818 ಎಂಬ ಇಸವಿ. ಫೋನಿನಲ್ಲಿ ಯಾರೋ ಹತ್ತು ಲಕ್ಷ ಕೊಡುತ್ತೇನೆಂದು ಹೇಳಿ, ನೋಂದಣಿಗೆಂದು ನಾಲ್ಕು ಸಾವಿರ ಆಗಲೇ ಹಾಕಿಸಿಕೊಂಡಿದ್ದ. ಮಗಳ ಮದುವೆ ಹತ್ತಿರವಿತ್ತು. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಹಾಕಿಸಿಯೇ ಇಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಒಂದಾಣೆಯ ನಾಣ್ಯ ಬಳಕೆಗೆ ಬಂದದ್ದು 1907ರಲ್ಲಿ. ಹೇಳುವುದು ಹೇಗೆಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಆಚಾರ್ರು ಅದನ್ನು ಕಣ್ಣಿಗೊತ್ತಿಕೊಂಡು, "ಅಕ್ಕಾ, ಇದು ದೇವರ ಬಿಲ್ಲೆ. ಪೂಜೆಗೆ ಇಡಿ. ಇನ್ನು ಒಂದು ರೂಪಾಯಿನೂ ಯಾರಿಗೂ ಕಳಿಸಬೇಡಿ" ಎಂದರು. ಆಕೆ ಬಹಳ ಹೊತ್ತು ಅತ್ತರು. ಮುಂದಿನ ತಿಂಗಳು ತಾವಾಗಿಯೇ ಬಂದರು, ಅತ್ತೆಯ ಕಾಲದ ಮೂರು ತೂತಿನ ಕಾಸು ಹಿಡಿದುಕೊಂಡು. ಈಗ ಚಾಪೆಯ ಮೇಲೆ ಅವರದೂ ಒಂದು ಜಾಗವಿದೆ. ಹಳೆಯ ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತನಗಿಲ್ಲ, ಅದಕ್ಕೆ ಶುಲ್ಕ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿದೆ. ನೆನಪಿರಲಿ.

ಉರ್ದು ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅದಕ್ಕೆ ಮುಂಚೆ ಒಮ್ಮೆ ಎಲ್ಲರೂ ನಗರಕ್ಕೆ ಹೋಗಿದ್ದೆವು. ಕೋಟೆಯ ಮೇಲೆ ಕೂತು ಚಿತ್ರಾನ್ನ ತಿಂದೆವು. ಮೇಷ್ಟ್ರು ನನ್ನ ಆನೆ ಕಾಸನ್ನು ಕೇಳಿ ತೆಗೆದುಕೊಂಡು, ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, "ತವರಿಗೆ ಬಂತು" ಎಂದು ವಾಪಸ್ ಕೊಟ್ಟರು. ಅವರ ಮಗ ತಂದುಕೊಟ್ಟ ನೋಟ್‌ಬುಕ್ಕಿನಲ್ಲಿ, ನಾಣ್ಯಗಳ ಮೇಲಿನ ಪರ್ಷಿಯನ್ ಮಾತುಗಳನ್ನೆಲ್ಲ ಮೇಷ್ಟ್ರು ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದಾರೆ, ತಾವಿಲ್ಲದಿದ್ದರೂ ನಾವು ಓದಿಕೊಳ್ಳಲೆಂದು. ಈಗ ಅದನ್ನು ನೋಡಿಕೊಂಡು ಗ್ಯಾರೇಜ್ ಹುಡುಗ ಜರ್ಬ್ ಓದುತ್ತಾನೆ.

ಮಹೋತ್ಸವದ ಎರಡೂ ದಿನ ನಮ್ಮ ಕೂಟದವರು ಶಾಲೆಗೆ ಬರುತ್ತಾರೆ. ಹತ್ತನೇ ತರಗತಿಯ ಕೋಣೆಯಲ್ಲಿ ಮೇಜು ಹಾಕಿಕೊಡುವುದಾಗಿ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ನಿಮ್ಮ ಮನೆಯ ದೇವರ ಪೆಟ್ಟಿಗೆ, ಅಕ್ಕಿ ಡಬ್ಬ, ಅಜ್ಜಿಯ ಸಂಚಿಗಳಲ್ಲಿ ಇರುವುದನ್ನು ತನ್ನಿ. ನೋಡಿ, ತೂಗಿ, ಗೊತ್ತಿದ್ದಷ್ಟು ಹೇಳಿ ನಿಮ್ಮ ಕೈಗೇ ಕೊಡುತ್ತೇವೆ, ಕೊಳ್ಳುವುದಿಲ್ಲ, ಮಾರುವುದಿಲ್ಲ. ತರುವ ಮುನ್ನ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಅಳಿಸಿಹೋಗುತ್ತದೆ. ನೆಲ ಅಗೆಯುವಾಗ ಗಡಿಗೆಯಲ್ಲಿ ಸಿಕ್ಕಿದ್ದಾದರೆ ನಮ್ಮ ಹತ್ತಿರ ಬೇಡ, ಮೊದಲು ಜಿಲ್ಲಾಧಿಕಾರಿಗಳಿಗೆ ತಿಳಿಸಿ. ನಿಧಿಯ ಕಾನೂನು ಹಾಗೆ ಇದೆ. ಚಹಾ ನಾವೇ ತರುತ್ತೇವೆ.